ಜಿಎನ್‌ಎಂ, ಬಿಎಸ್ಸಿ, ಮಂಗಳೂರು, ಮಿಲಿಟರಿ: ಮುಂಬಯಿ ಕನ್ನಡಿಗರ ಮಕ್ಕಳಿಗೆ ಯಾವ ನರ್ಸಿಂಗ್ ಸೀಟು ಸರಿ?

ಮೇ ತಿಂಗಳು ಬಂತೆಂದರೆ ಡೊಂಬಿವಲಿ, ಭಾಂಡುಪ್, ಮೀರಾ ರೋಡ್ ಕಡೆಯ ಕನ್ನಡದ ಮನೆಗಳಿಂದ ನನಗೆ ಫೋನ್ ಬರುತ್ತದೆ. "ಸಿಸ್ಟರ್, ಮಗಳದ್ದು ಟ್ವೆಲ್ತ್ ಆಯ್ತು. ನರ್ಸಿಂಗ್‌ಗೆ ಹಾಕೋಣ ಅಂತಿದ್ದೇವೆ. ಜಿಎನ್‌ಎಂ ಸಾಕಾ, ಬಿಎಸ್ಸಿನೇ ಬೇಕಾ? ಇಲ್ಲೇ ಓದಿಸೋದಾ, ಮಂಗಳೂರಿಗೆ ಕಳಿಸೋದಾ?" ಕೇಳುವವರಲ್ಲಿ ಹೋಟೆಲ್ ಕ್ಯಾಶಿಯರ್ ಇದ್ದಾರೆ, ರಿಕ್ಷಾ ಓಡಿಸುವವರಿದ್ದಾರೆ, ಬ್ಯಾಂಕ್ ನೌಕರರೂ ಇದ್ದಾರೆ. ಜಿಎನ್‌ಎಂ ಎಂದರೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ, ಬಿಎಸ್ಸಿ ಎಂದರೆ ನಾಲ್ಕು ವರ್ಷದ ನರ್ಸಿಂಗ್ ಪದವಿ. ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಅದು ಅನ್ಯಾಯವಾಗುತ್ತದೆ.

ನಾನು ಮುಂಬಯಿಯ ಆಸ್ಪತ್ರೆಗಳಲ್ಲಿ ವಾರ್ಡ್ ನರ್ಸ್ ಆಗಿ, ಆಮೇಲೆ ಇನ್‌ಚಾರ್ಜ್ ಸಿಸ್ಟರ್ ಆಗಿ ಕೆಲಸ ಮಾಡಿದವಳು. ಹೊಸದಾಗಿ ಸೇರುವ ಹುಡುಗಿಯರ ಸಂಬಳದ ಚೀಟಿಯನ್ನೂ ಅವರ ಮನೆಯ ಸಾಲವನ್ನೂ ಹತ್ತಿರದಿಂದ ನೋಡಿದ್ದೇನೆ. ನರ್ಸಿಂಗ್ ಒಳ್ಳೆಯ ಓದು. ಆದರೆ ಎಷ್ಟು ದುಡ್ಡು ಸುರಿದರೂ ವಾಪಸ್ ಬರುತ್ತದೆ ಎನ್ನುವುದು ಸುಳ್ಳು. ಕೋರ್ಸಿನ ಹೆಸರಿಗಿಂತ, ಓದು ಮುಗಿದ ದಿನ ತಲೆಯ ಮೇಲೆ ಎಷ್ಟು ಸಾಲ ಇದೆ ಎನ್ನುವುದೇ ಮೊದಲ ಐದಾರು ವರ್ಷಗಳ ಬದುಕನ್ನು ನಿರ್ಧರಿಸುತ್ತದೆ.

ಯಾವುದನ್ನು ಅಳೆಯಬೇಕು

ಮೊದಲನೆಯದು ಒಟ್ಟು ಖರ್ಚು. ಕಾಲೇಜಿನವರು ಹೇಳುವ ವರ್ಷದ ಫೀ ಅದರಲ್ಲಿ ಒಂದು ಭಾಗ ಮಾತ್ರ. ಹಾಸ್ಟೆಲ್, ಮೆಸ್, ಯೂನಿಫಾರ್ಮ್, ಪುಸ್ತಕ, ಪರೀಕ್ಷಾ ಶುಲ್ಕ, ಬೇರೆ ಆಸ್ಪತ್ರೆಗೆ ಪೋಸ್ಟಿಂಗ್ ಹೋದಾಗಿನ ಬಸ್ಸಿನ ಖರ್ಚು, ಕೊನೆಗೆ ಕೌನ್ಸಿಲ್ ನೋಂದಣಿ. ಇದೆಲ್ಲ ಕೂಡಿಸಿದ ಮೊತ್ತವನ್ನು ಬರೆದಿಟ್ಟುಕೊಳ್ಳಿ.

ಎರಡನೆಯದು ಮೊದಲ ಕೆಲಸದ ಸಂಬಳ ಮತ್ತು ಸಾಲದ ಕಂತಿನ ಲೆಕ್ಕ. ಮೂರನೆಯದು, ಕಾಲೇಜಿನ ಜೊತೆಗಿರುವ ಆಸ್ಪತ್ರೆಯಲ್ಲಿ ನಿಜವಾಗಿ ಎಷ್ಟು ರೋಗಿಗಳಿದ್ದಾರೆ ಎನ್ನುವುದು. ನಾಲ್ಕನೆಯದು, ಆ ಸರ್ಟಿಫಿಕೇಟಿನಿಂದ ಸರ್ಕಾರಿ ಕೆಲಸ, ವಿದೇಶ, ಮುಂದಿನ ಓದು ಇವುಗಳಲ್ಲಿ ಯಾವ್ಯಾವುದಕ್ಕೆ ಹೋಗಬಹುದು ಎನ್ನುವುದು. ಇಷ್ಟಾದ ಮೇಲೆ ಮಗುವಿನ ಮನಸ್ಸು. ನೈಟ್ ಡ್ಯೂಟಿ, ರಕ್ತ, ಸಾವು ನೋಡಿ ತಡೆದುಕೊಳ್ಳುವ ಮಗುವಾ ಎನ್ನುವುದನ್ನು ಮನೆಯವರೇ ಕೂತು ಮಾತಾಡಬೇಕು. ಅದಕ್ಕೆ ನನ್ನ ಬಳಿ ಲೆಕ್ಕ ಇಲ್ಲ.

ಮೂರನೆಯದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಬಿಎಸ್ಸಿ ನರ್ಸಿಂಗ್ ನಡೆಸಲು ಕಾಲೇಜಿಗೆ ನೂರು ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳ ಲೆಕ್ಕ ಇರಬೇಕು ಎನ್ನುವುದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲಿನ ನಿಯಮ. ಕಾಗದದ ಮೇಲೆ ಎಲ್ಲರ ಹತ್ತಿರವೂ ಇದೆ. ಆದರೆ ಕೆಲವು ಕಡೆ ವಾರ್ಡಿನಲ್ಲಿ ಹಾಸಿಗೆ ಇರುತ್ತದೆ, ಮಲಗಿದವರು ಇರುವುದಿಲ್ಲ. ಅಲ್ಲಿ ಓದಿದ ಹುಡುಗಿ ಐವಿ ಹಾಕುವುದನ್ನು ಗೊಂಬೆಯ ಕೈಮೇಲೆ ಕಲಿತು ಬರುತ್ತಾಳೆ. ಮೊದಲ ಡ್ಯೂಟಿಯಲ್ಲೇ ಅವಳ ಕೈ ನಡುಗುತ್ತದೆ. ಅದು ಅವಳ ತಪ್ಪಲ್ಲ. ಕೆಇಎಂ, ಸಯನ್, ನಾಯರ್, ಜೆಜೆಯಂಥ ಮುಂಬಯಿಯ ದೊಡ್ಡ ಪಾಲಿಕೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಕಲಿತವಳು ಒಂದೇ ವರ್ಷದಲ್ಲಿ ನೋಡುವ ಕಾಯಿಲೆಗಳನ್ನು ಇವಳು ಓದು ಮುಗಿಯುವವರೆಗೂ ನೋಡಿರುವುದಿಲ್ಲ. ಸೀಟು ಹಿಡಿಯುವ ಮೊದಲು ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸುಮ್ನೆ ಹೋಗಿ ಕುಳಿತುಕೊಳ್ಳಿ. ಜನ ಬರುತ್ತಾರೋ ಇಲ್ಲವೋ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಸಾಲದ ಲೆಕ್ಕ, ಒಮ್ಮೆ ಕೂತು ಮಾಡಿ

ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿಗೆ ವರ್ಷಕ್ಕೆ ಎಲ್ಲ ಸೇರಿ 1.5 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ 6 ಲಕ್ಷ. ಪೂರ್ತಿ ಬ್ಯಾಂಕ್ ಸಾಲ, ಬಡ್ಡಿ ಶೇ. 11. ಓದುವಾಗ ಏನೂ ಕಟ್ಟದಿದ್ದರೆ ಕೋರ್ಸ್ ಮುಗಿಯುವ ಹೊತ್ತಿಗೆ ಬಡ್ಡಿ ಸೇರಿ ಸುಮಾರು 7.65 ಲಕ್ಷ ಆಗುತ್ತದೆ. ಅದನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,000 ರೂಪಾಯಿ ಕಂತು. ಒಟ್ಟು ಕಟ್ಟುವುದು 11 ಲಕ್ಷದ ಹತ್ತಿರ.

ಈಗ ಹುಡುಗಿ ಖಾಸಗಿ ಆಸ್ಪತ್ರೆ ಸೇರಿದಳು, ಕೈಗೆ 22,000 ಬಂತು ಅಂದುಕೊಳ್ಳಿ. ಕಂತು ಕಟ್ಟಿದ ಮೇಲೆ 9,000 ಉಳಿಯಿತು. ಮುಂಬಯಿಯಲ್ಲಿ ಹಾಸಿಗೆ ಬಾಡಿಗೆ, ಊಟ, ಟ್ರೇನ್ ಪಾಸ್ ಇಷ್ಟಕ್ಕೇ ಅದು ಸಾಲುವುದಿಲ್ಲ. ಅಪ್ಪ ಅಮ್ಮನ ಮನೆಯಲ್ಲೇ ಇದ್ದರೆ ಹೇಗೋ ನಡೆಯುತ್ತದೆ. ಇಲ್ಲದಿದ್ದರೆ ದುಡಿಯುವ ಮಗಳಿಗೆ ಮನೆಯಿಂದಲೇ ದುಡ್ಡು ಕಳಿಸಬೇಕಾಗುತ್ತದೆ.

ನನ್ನ ಅಳತೆ ಇಷ್ಟು: ಕಂತು ಮೊದಲ ಸಂಬಳದ ಕಾಲು ಭಾಗ ದಾಟಬಾರದು. 22,000ಕ್ಕೆ ಅದು 5,500. ಇದೇ ಬಡ್ಡಿ, ಇದೇ ಅವಧಿಗೆ ಲೆಕ್ಕ ಹಾಕಿದರೆ ಸಾಲ 2.5 ಲಕ್ಷದ ಒಳಗಿರಬೇಕು. ಉಳಿದದ್ದು ಉಳಿತಾಯ, ವಿದ್ಯಾರ್ಥಿವೇತನ, ಸರ್ಕಾರದ ನೆರವಿನಿಂದ ಬರಬೇಕು. ಬರುವುದಿಲ್ಲ ಅಂತಾದರೆ ಆ ಸೀಟು ನಿಮ್ಮ ಮನೆಗೆ ದುಬಾರಿ. ಬ್ಯಾಂಕುಗಳು ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವು ಕೇಳದೆ ಕೊಡುತ್ತವೆ. ಅದಕ್ಕೇ ಜನ ಸುಲಭವಾಗಿ ಸಹಿ ಹಾಕಿಬಿಡುತ್ತಾರೆ. ಓದುವಾಗಲೇ ತಿಂಗಳಿಗೆ ಸ್ವಲ್ಪ ಬಡ್ಡಿ ಕಟ್ಟುತ್ತಾ ಹೋದರೆ ಮುಂದಿನ ಭಾರ ಚೆನ್ನಾಗಿಯೇ ಇಳಿಯುತ್ತದೆ. ಸಾಧ್ಯವಿದ್ದವರು ಇದನ್ನು ಬಿಡಬೇಡಿ.

ಸಂಬಳ: ಒಂದೇ ಕೆಲಸ, ಎರಡು ಲೋಕ

ಸರ್ಕಾರಿ ಮತ್ತು ಖಾಸಗಿ ನರ್ಸ್ ಸಂಬಳದ ನಡುವೆ ಇರುವಷ್ಟು ದೂರ ಜಿಎನ್‌ಎಂ ಮತ್ತು ಬಿಎಸ್ಸಿ ನಡುವೆ ಇಲ್ಲ. ಇದನ್ನು ತಂದೆ ತಾಯಿಗಳು ಮೊದಲು ತಿಳಿಯಬೇಕು.

ಕೇಂದ್ರ ಸರ್ಕಾರದ ನರ್ಸಿಂಗ್ ಆಫೀಸರ್ ಮೂಲವೇತನ 44,900 ರೂಪಾಯಿಯಿಂದ ಶುರು. ತುಟ್ಟಿಭತ್ಯೆ, ಮುಂಬಯಿಯ ಮನೆ ಬಾಡಿಗೆ ಭತ್ಯೆ, ನರ್ಸಿಂಗ್ ಭತ್ಯೆ ಸೇರಿದರೆ ಎಂಬತ್ತು ಸಾವಿರ ದಾಟುತ್ತದೆ. ಕಡಿತಗಳು ಬೇರೆ. ಇಂಥ ಕೆಲಸಕ್ಕೆ ದಿಲ್ಲಿಗೇ ಹೋಗಬೇಕೆಂದಿಲ್ಲ. ಪರೇಲಿನ ಟಾಟಾ ಮೆಮೋರಿಯಲ್, ಮುಂಬಯಿ ಸೆಂಟ್ರಲ್‌ನ ಜಗಜೀವನ್ ರಾಮ್ ರೈಲ್ವೆ ಆಸ್ಪತ್ರೆ, ಭಾಯಖಳಾದ ಅಂಬೇಡ್ಕರ್ ರೈಲ್ವೆ ಆಸ್ಪತ್ರೆ, ಅಣುಶಕ್ತಿ ನಗರದ ಬಿಎಆರ್‌ಸಿ ಆಸ್ಪತ್ರೆ, ಇಎಸ್‌ಐ ಆಸ್ಪತ್ರೆಗಳು ಎಲ್ಲ ಇಲ್ಲೇ ಇವೆ. ಮಹಾರಾಷ್ಟ್ರ ಸರ್ಕಾರದ ಸ್ಟಾಫ್ ನರ್ಸ್ ವೇತನ ಶ್ರೇಣಿ 35,400ರಿಂದ 1,12,400. ಭತ್ಯೆ ಸೇರಿದರೆ ಮುಂಬಯಿಯಲ್ಲಿ ಶುರುವಿಗೇ ಅರವತ್ತು ಸಾವಿರದ ಆಸುಪಾಸು. ಈ ಕೆಲಸಗಳಿಗೆ ಜಿಎನ್‌ಎಂ ಆದವರೂ ಅರ್ಜಿ ಹಾಕಬಹುದು. ವ್ಯತ್ಯಾಸ ಇರುವುದು ಅನುಭವದ ಷರತ್ತಿನಲ್ಲಿ. ಉದಾಹರಣೆಗೆ ನರ್ಸಿಂಗ್ ಆಫೀಸರ್ ಭರ್ತಿಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿಯವರು ನೇರವಾಗಿ ಕೂರಬಹುದು. ಜಿಎನ್‌ಎಂ ಆದವರಿಗೆ ಐವತ್ತು ಹಾಸಿಗೆಗಿಂತ ಕಡಿಮೆ ಇಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು.

ಖಾಸಗಿಯಲ್ಲಿ ಹಾಗಲ್ಲ. ಸಂಬಳ ಆಸ್ಪತ್ರೆಯ ಮರ್ಜಿ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನರ್ಸ್‌ಗಳ ಸಂಘದ ಅರ್ಜಿಯ ಮೇಲೆ ಒಂದು ಸಮಿತಿ ಮಾಡಲು ಹೇಳಿತು. ಆ ಸಮಿತಿ ಹೇಳಿದ್ದು ಇಷ್ಟು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು. 100ಕ್ಕಿಂತ ಹೆಚ್ಚು ಇದ್ದರೆ ಆ ಸಂಬಳಕ್ಕಿಂತ ಶೇ. 10ಕ್ಕಿಂತ ಜಾಸ್ತಿ ಇಳಿಯಬಾರದು. 50ರಿಂದ 100 ಇದ್ದರೆ ಶೇ. 25ಕ್ಕಿಂತ ಜಾಸ್ತಿ ಇಳಿಯಬಾರದು. 50ಕ್ಕಿಂತ ಚಿಕ್ಕ ಆಸ್ಪತ್ರೆಯಾದರೂ 20,000ಕ್ಕಿಂತ ಕಡಿಮೆ ಕೊಡಬಾರದು. ಇದು ಶಿಫಾರಸು. ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿದೆ. ಕೇರಳ 2018ರಲ್ಲಿ ಕನಿಷ್ಠ ವೇತನ ಏರಿಸಿತು. ನಮ್ಮ ಕಡೆ ಆ ಮಟ್ಟಕ್ಕೆ ಇನ್ನೂ ಬಂದಿಲ್ಲ ಎನ್ನುವ ನೋವು ನನಗಿದೆ. ಹತ್ತು ವರ್ಷದ ಹಿಂದೆ ಸಾಕು ಎನ್ನಿಸಿದ 20,000ವನ್ನು ಈಗಲೂ ಹೊಸಬರ ಮುಂದೆ ದೊಡ್ಡ ಸಂಬಳ ಎಂಬಂತೆ ಇಡುವ ನರ್ಸಿಂಗ್ ಹೋಮ್‌ಗಳಿವೆ. ಇಂಟರ್‌ವ್ಯೂಗೆ ಹೋಗುವ ಮಗಳಿಗೆ ಈ ಅಂಕಿಗಳು ಬಾಯಲ್ಲಿರಲಿ.

ಹಾಗಾದರೆ ಖಾಸಗಿಗೆ ಯಾಕೆ ಹೋಗುತ್ತಾರೆ? ಕೆಲಸ ಬೇಗ ಸಿಗುತ್ತದೆ. ಸರ್ಕಾರಿ ಭರ್ತಿಗೆ ಕಾಯಬೇಕು, ಪರೀಕ್ಷೆ ಪಾಸಾಗಬೇಕು. ದೊಡ್ಡ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಎರಡು ವರ್ಷ ಕೆಲಸ ಮಾಡಿದವಳಿಗೆ ಗಲ್ಫ್, ಇಂಗ್ಲೆಂಡ್ ಕಡೆ ಬೆಲೆ ಇದೆ. ಆ ಎರಡು ವರ್ಷವನ್ನು ಓದಿನ ಮುಂದುವರಿಕೆ ಅಂತಲೇ ಲೆಕ್ಕ ಹಿಡಿಯಿರಿ.

ಎಎನ್‌ಎಂ ಮತ್ತು ಜಿಎನ್‌ಎಂ

ಎಎನ್‌ಎಂ ಎಂದರೆ ಸಹಾಯಕ ನರ್ಸ್ ಕೋರ್ಸ್. ಎರಡು ವರ್ಷದ್ದು, ಹೆಣ್ಣುಮಕ್ಕಳಿಗೆ ಮಾತ್ರ. ಪ್ರಾಥಮಿಕ ಆರೋಗ್ಯ ಕೇಂದ್ರ, ಲಸಿಕೆ, ಬಾಣಂತಿಯರ ಕೆಲಸ ಇಷ್ಟವಿದ್ದವರಿಗೆ ಸರಿ. ವಿದೇಶ, ದೊಡ್ಡ ಆಸ್ಪತ್ರೆ ಮನಸ್ಸಿನಲ್ಲಿದ್ದರೆ ಇದು ದಾರಿಯಲ್ಲ.

ಜಿಎನ್‌ಎಂ ಮೂರು ವರ್ಷ. ಹನ್ನೆರಡನೇ ತರಗತಿಯಲ್ಲಿ ಆರ್ಟ್ಸ್, ಕಾಮರ್ಸ್ ಓದಿದವರಿಗೂ ಸಿಗುತ್ತದೆ. ಇಂಗ್ಲಿಷ್ ಪಾಸಾಗಿರಬೇಕು, ಒಟ್ಟು ಶೇ. 40 ಇರಬೇಕು. "ಜಿಎನ್‌ಎಂ ಮುಚ್ಚಿಹೋಗುತ್ತದಂತೆ" ಎಂದು ಹೆದರಿಸುವವರಿದ್ದಾರೆ. ನಿಲ್ಲಿಸುವ ಮಾತು ಹಿಂದೆ ಕೌನ್ಸಿಲ್ ಮಟ್ಟದಲ್ಲೇ ಬಂದಿತ್ತು, ನಿಜ. ಆದರೆ ಕೋರ್ಸ್ ನಡೆಯುತ್ತಲೇ ಇದೆ. ಪಾಸಾದವರ ನೋಂದಣಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಪಾಲಿಕೆಯ ಅಥವಾ ಸರ್ಕಾರದ ದೊಡ್ಡ ಆಸ್ಪತ್ರೆಯ ಜೊತೆಗಿರುವ ನರ್ಸಿಂಗ್ ಶಾಲೆಯಲ್ಲಿ ಜಿಎನ್‌ಎಂ ಸೀಟು ಸಿಕ್ಕಿ, ಇನ್ನೊಂದು ಕಡೆ ರೋಗಿಗಳೇ ಇಲ್ಲದ ಖಾಸಗಿ ಕಾಲೇಜಿನಲ್ಲಿ 6 ಲಕ್ಷದ ಬಿಎಸ್ಸಿ ಸೀಟು ಸಿಕ್ಕರೆ, ನಾನು ಜಿಎನ್‌ಎಂ ಅನ್ನುತ್ತೇನೆ. ಖರ್ಚು ತೀರಾ ಕಡಿಮೆ. ಒಂದು ವರ್ಷ ಮೊದಲೇ ದುಡಿಮೆ ಶುರು. ಕೈ ಚೆನ್ನಾಗಿ ಪಳಗಿರುತ್ತದೆ. ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಪದವಿ ಪಡೆಯಬಹುದು. ಒಟ್ಟು ಐದು ವರ್ಷದ ಓದಾಗುತ್ತದೆ, ಒಂದು ವರ್ಷ ಜಾಸ್ತಿ. ಆದರೆ ನಡುವೆ ದುಡಿದ ದುಡ್ಡಿನಲ್ಲೇ ಎರಡನೆಯದನ್ನು ಓದಬಹುದು. ಈ ದಾರಿಯ ಕಷ್ಟ ಒಂದಿದೆ. ಕೆಲಸಕ್ಕೆ ಸೇರಿ, ಮದುವೆಯಾಗಿ, ಮಗುವಾದ ಮೇಲೆ ಓದಲು ವಾಪಸ್ ಹೋಗುವವರು ಕಮ್ಮಿ. ಮನೆಯವರು ಬೆನ್ನಿಗೆ ನಿಂತರೆ ಮಾತ್ರ ಇದು ಪೂರ್ತಿಯಾಗುತ್ತದೆ.

ಮುಂಬಯಿಯಲ್ಲೇ ಬಿಎಸ್ಸಿ

ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಹನ್ನೆರಡರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು. ಸಾಮಾನ್ಯ ವರ್ಗಕ್ಕೆ ಶೇ. 45. ಹುಡುಗರಿಗೂ ಇದೆ. ಸರ್ಕಾರಿ ಸೀಟು ಎಂದರೆ ಜೆಜೆ ಆವರಣದ ಕಾಲೇಜು ಮೊದಲು ನೆನಪಿಗೆ ಬರುತ್ತದೆ. ಚರ್ಚ್‌ಗೇಟಿನಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಲೀಲಾಬಾಯಿ ಠಾಕರ್ಸೀ ಕಾಲೇಜಿದೆ. ಇಂಥ ಕಡೆ ಸಿಕ್ಕರೆ ಯೋಚನೆ ಮಾಡಬೇಡಿ, ಸೇರಿಸಿ. ಖಾಸಗಿ ಆಸ್ಪತ್ರೆಗಳ ಕಾಲೇಜುಗಳು ನಗರದಲ್ಲೂ ಇವೆ, ನೆರೂಳ್, ಕಾಮೋಠೆಯಂಥ ನವಿ ಮುಂಬಯಿ ಕಡೆಯೂ ಇವೆ.

ರಾಜ್ಯದ ಸಿಇಟಿ ಸೆಲ್ ಬಿಎಸ್ಸಿ ನರ್ಸಿಂಗ್‌ಗೆ ಪ್ರವೇಶ ಪರೀಕ್ಷೆ (ಸಿಇಟಿ) ನಡೆಸುತ್ತದೆ. ಇಲ್ಲಿ ನಮ್ಮವರು ಎಡವುವುದು ಜಾಸ್ತಿ. ಅದರ ಫಾರ್ಮ್ ತುಂಬುವ ಕಾಲ ಹನ್ನೆರಡನೆಯ ತರಗತಿಯ ಫಲಿತಾಂಶ ಬರುವ ಮೊದಲೇ ಮುಗಿದಿರುತ್ತದೆ. ಮೇನಲ್ಲಿ ಫೋನ್ ಮಾಡುವವರಿಗೆ ಉಳಿಯುವುದು ಮ್ಯಾನೇಜ್‌ಮೆಂಟ್ ಸೀಟು, ಅದರ ಫೀ.

ಸಿಇಟಿ ಮೂಲಕ ಹೋಗುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. 2024ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಆದೇಶ ಮಾಡಿತು. ಕುಟುಂಬದ ವರ್ಷದ ಆದಾಯ 8 ಲಕ್ಷದ ಒಳಗಿರುವ ಒಬಿಸಿ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರು) ಹೆಣ್ಣುಮಕ್ಕಳು ಕೇಂದ್ರೀಕೃತ ಪ್ರವೇಶದಲ್ಲಿ ವೃತ್ತಿಪರ ಕೋರ್ಸ್ ಸೇರಿದರೆ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಸರ್ಕಾರದ್ದು. ಮ್ಯಾನೇಜ್‌ಮೆಂಟ್ ಸೀಟಿಗೂ ಡೀಮ್ಡ್ ವಿಶ್ವವಿದ್ಯಾಲಯಕ್ಕೂ ಇದು ಸಿಗುವುದಿಲ್ಲ. ಮೇಲೆ ಹಾಕಿದ 6 ಲಕ್ಷದ ಲೆಕ್ಕ ಈ ಒಂದು ಆದೇಶದಿಂದ ತಲೆಕೆಳಗಾಗುತ್ತದೆ. ಆಗ ಬಿಎಸ್ಸಿಯೇ ಮೊದಲ ಆಯ್ಕೆ.

ಆದರೆ ಕಾಗದಪತ್ರ! ನಮ್ಮ ಜನಕ್ಕೆ ಕಷ್ಟ ಇರುವುದೇ ಇಲ್ಲಿ. ಡೊಮಿಸೈಲ್‌ಗೆ, ಅಂದರೆ ಈ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರಕ್ಕೆ, ಮಹಾರಾಷ್ಟ್ರದಲ್ಲಿ 15 ವರ್ಷ ಇದ್ದ ದಾಖಲೆ ಬೇಕು. ಶಾಲೆಯ ಪತ್ರ, ರೇಷನ್ ಕಾರ್ಡ್, ಲೈಟ್ ಬಿಲ್ಲು ಇದ್ದರೆ ಅದು ಆಗುತ್ತದೆ. ಜಾತಿ ಪ್ರಮಾಣಪತ್ರ ಅಷ್ಟು ಸುಲಭವಲ್ಲ. ಉಡುಪಿಯ ಅಥವಾ ವಿಜಯಪುರದ ತಹಶೀಲ್ದಾರರು ಕೊಟ್ಟ ಪತ್ರದಿಂದ ಮಹಾರಾಷ್ಟ್ರದ ಮೀಸಲು ಸೀಟು ಸಿಗುವುದಿಲ್ಲ. ಒಬಿಸಿಗೆ 1967ರ ಅಕ್ಟೋಬರ್ 13ಕ್ಕೆ ಮೊದಲು, ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10ಕ್ಕೆ ಮೊದಲು ನಿಮ್ಮ ಹಿರಿಯರು ಮಹಾರಾಷ್ಟ್ರದಲ್ಲಿ ನೆಲೆಸಿದ್ದ ಪುರಾವೆ ಕೇಳುತ್ತಾರೆ. ಅಜ್ಜ ಇಲ್ಲಿಯ ರಾತ್ರಿ ಶಾಲೆಯಲ್ಲಿ ಓದಿದ್ದರೆ, ಮಿಲ್ಲಿನಲ್ಲಿ, ಬಂದರಿನಲ್ಲಿ ಕೆಲಸ ಮಾಡಿದ್ದರೆ ಆ ಹಳೆಯ ದಾಖಲೆ ಚಿನ್ನದಂಥದ್ದು, ಹುಡುಕಿ. ಊರಲ್ಲಿ ಹಿಂದುಳಿದ ವರ್ಗದಲ್ಲಿರುವ ಜಾತಿ ಇಲ್ಲಿಯ ಪಟ್ಟಿಯಲ್ಲಿ ಇರಲೇಬೇಕೆಂದೂ ಇಲ್ಲ. ಪ್ರಮಾಣಪತ್ರ ಸಿಕ್ಕ ಮೇಲೆ ಜಾತಿ ಪಡತಾಳಣಿ (ಜಾತಿ ಪತ್ರದ ಪರಿಶೀಲನೆ), ನಾನ್ ಕ್ರೀಮಿ ಲೇಯರ್ ಪತ್ರ ಬೇರೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮಗು ಹನ್ನೊಂದನೇ ತರಗತಿಯಲ್ಲಿರುವಾಗಲೇ ಅರ್ಜಿ ಹಾಕಿ.

ಮ್ಯಾನೇಜ್‌ಮೆಂಟ್ ಸೀಟೇ ಗತಿ ಎಂದಾದರೆ ಫೀ ನಿಯಂತ್ರಣ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಆ ಕಾಲೇಜಿಗೆ ಒಪ್ಪಿಗೆ ಸಿಕ್ಕ ಫೀ ಎಷ್ಟು ಎಂದು ನೋಡಿಕೊಂಡು ಹೋಗಿ. ಅನುದಾನವಿಲ್ಲದ ಖಾಸಗಿ ಕಾಲೇಜುಗಳ ಫೀ ಅಲ್ಲಿ ತೀರ್ಮಾನವಾಗುತ್ತದೆ. ಅದರ ಮೇಲೆ ರಸೀದಿ ಇಲ್ಲದೆ ಕೇಳುವ ಡೊನೇಷನ್ ಮಹಾರಾಷ್ಟ್ರದಲ್ಲಿ 1987ರ ಕಾನೂನಿನ ಪ್ರಕಾರ ಅಪರಾಧ. ಡೀಮ್ಡ್ ವಿಶ್ವವಿದ್ಯಾಲಯಗಳು ಈ ಪ್ರಾಧಿಕಾರದ ಕೆಳಗೆ ಬರುವುದಿಲ್ಲ. ಅಲ್ಲಿ ನಾಲ್ಕೂ ವರ್ಷದ ಫೀ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಇನ್ನೊಂದು ಮಾತು. ಕೆಲವು ಆಸ್ಪತ್ರೆಗಳು ಓದು ಮುಗಿದ ಮೇಲೆ ತಮ್ಮಲ್ಲೇ ಒಂದೆರಡು ವರ್ಷ ಕೆಲಸ ಮಾಡಬೇಕು ಎಂದು ಬಾಂಡ್ ಬರೆಸಿಕೊಳ್ಳುತ್ತವೆ, ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿ ಇಟ್ಟುಕೊಳ್ಳುತ್ತವೆ. ನನ್ನ ಕೈಕೆಳಗೆ ಇದ್ದ ಒಬ್ಬ ಹುಡುಗಿ ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗಿಯೂ ಮೂಲ ದಾಖಲೆಗಾಗಿ ಹಳೆಯ ಆಸ್ಪತ್ರೆಯ ಬಾಗಿಲಿಗೆ ಅಲೆಯಬೇಕಾಯಿತು. ಪರಿಶೀಲನೆ ಆದ ಕೂಡಲೇ ಮೂಲ ಪ್ರತಿ ವಾಪಸ್ ತೆಗೆದುಕೊಳ್ಳಿ.

ಮಂಗಳೂರಿಗೋ ಬೆಂಗಳೂರಿಗೋ ಕಳಿಸಿದರೆ

ಮತ್ಸ್ಯಗಂಧ ರೈಲು ಹತ್ತಿದರೆ ಬೆಳಿಗ್ಗೆ ಊರು. ಅಜ್ಜಿ ಮನೆ ಇದೆ, ಭಾಷೆ ನಮ್ಮದು. ಕರಾವಳಿಯಲ್ಲಿ ಒಳ್ಳೆಯ ಆಸ್ಪತ್ರೆ ಇರುವ ಹಳೆಯ ಕಾಲೇಜುಗಳಿವೆ. ಆದ್ದರಿಂದ ಮನಸ್ಸು ಆ ಕಡೆ ಹೋಗುವುದು ಸಹಜ. ಆದರೆ ದುಡ್ಡಿನ ಲೆಕ್ಕದಲ್ಲಿ ಒಂದು ವಿಷಯ ತಿಳಿದಿರಲಿ. ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗಿನ ಸರ್ಕಾರಿ ಕೋಟಾ ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿ ಮೂಲಕ. ಅದಕ್ಕೆ ಸಾಮಾನ್ಯವಾಗಿ ಕರ್ನಾಟಕದಲ್ಲೇ ಏಳು ವರ್ಷ ಓದಿರಬೇಕು. ಮುಂಬಯಿಯಲ್ಲಿ ಒಂದರಿಂದ ಹನ್ನೆರಡರವರೆಗೆ ಓದಿದ ಮಗು ಆ ನಿಯಮದಲ್ಲಿ ಬರುವುದಿಲ್ಲ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕಿನ ಕನ್ನಡಿಗರಿಗೆ ಗಡಿನಾಡು ಎಂಬ ಬೇರೆ ನಿಯಮ ಇದೆ, ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ. ಮುಂಬಯಿಯಲ್ಲಿದ್ದರೂ ಮೂಲ ಆ ಕಡೆಯದಾದವರು ಕೆಇಎ ಮಾಹಿತಿ ಪುಸ್ತಕದಲ್ಲಿ ಅರ್ಹತೆಯ ಭಾಗವನ್ನು ಪೂರ್ತಿ ಓದಿ. ಉಳಿದವರಿಗೆ ಸಿಗುವುದು ಹೆಚ್ಚಾಗಿ ಖಾಸಗಿ ಸೀಟು, ಅದರ ಜೊತೆ ಹಾಸ್ಟೆಲ್ ಖರ್ಚು.

ಅಲ್ಲಿ ಓದಿ ಇಲ್ಲಿ ಕೆಲಸ ಮಾಡುವುದಾದರೆ ಮೊದಲು ಕರ್ನಾಟಕದ ಕೌನ್ಸಿಲ್ಲಿನಲ್ಲಿ ನೋಂದಣಿ, ಆಮೇಲೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ಲಿಗೆ ವರ್ಗಾವಣೆ. ಕಾಲೇಜು ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಬೇರೆ ರಾಜ್ಯದಲ್ಲಿ ನೋಂದಣಿಗೆ ತೊಡಕಾಗುತ್ತದೆ. ರಾಜ್ಯದ ಮಾನ್ಯತೆ ಮಾತ್ರ ಇರುವ ಕಾಲೇಜುಗಳಿವೆ. ಏಜೆಂಟರು ಅದನ್ನು ಹೇಳುವುದಿಲ್ಲ. ರಾಷ್ಟ್ರೀಯ ನರ್ಸಿಂಗ್ ಆಯೋಗಕ್ಕೆ 2023ರಲ್ಲಿ ಕಾನೂನು ಆಗಿದೆ. ಮುಂದೆ ಕೌನ್ಸಿಲ್ಲಿನ ಹೆಸರು ಬದಲಾದರೂ ಮಾನ್ಯತೆ ನೋಡುವ ಕೆಲಸ ತಪ್ಪುವುದಿಲ್ಲ.

ಮರಾಠಿಯನ್ನೂ ಮರೆಯಬೇಡಿ. ಪಾಲಿಕೆ, ರಾಜ್ಯ ಸರ್ಕಾರದ ಕೆಲಸಕ್ಕೆ ಮರಾಠಿ ಬೇಕು. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ಹೇಗೂ ಬರುತ್ತದೆ. ವಾರ್ಡಿನಲ್ಲಿ ರೋಗಿಯ ಜೊತೆ ಮರಾಠಿ, ಹಿಂದಿ, ಕನ್ನಡ, ತುಳು ನಾಲ್ಕೂ ಆಡಬಲ್ಲ ಹುಡುಗಿ ಈ ನಗರಕ್ಕೆ ಎಷ್ಟು ಬೇಕಾದವಳು ಅಲ್ವಾ? ಆ ಬಲ ಇರುವವರು ಇಲ್ಲೇ ಓದುವುದು ನನಗೆ ಹೆಚ್ಚು ಇಷ್ಟ.

ಮಿಲಿಟರಿ ನರ್ಸಿಂಗ್: ಕಷ್ಟದ ಸೀಟು, ಖರ್ಚಿಲ್ಲದ ಓದು

ಕೊಲಾಬಾದಲ್ಲಿ ನೌಕಾಪಡೆಯ ಅಶ್ವಿನಿ ಆಸ್ಪತ್ರೆ, ಪುಣೆಯಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು (ಎಎಫ್‌ಎಂಸಿ). ಎರಡರಲ್ಲೂ ಬಿಎಸ್ಸಿ ನರ್ಸಿಂಗ್ ಕಾಲೇಜಿದೆ, ತಲಾ 40 ಸೀಟು. ಇಡೀ ದೇಶದಲ್ಲಿ ಇಂಥ ಆರು ಕಾಲೇಜು, ಒಟ್ಟು 220 ಸೀಟು. ಹೆಣ್ಣುಮಕ್ಕಳಿಗೆ ಮಾತ್ರ. ನೀಟ್ ಅಂಕ ಬೇಕು, ಆಮೇಲೆ ಸಂದರ್ಶನ, ವೈದ್ಯಕೀಯ ತಪಾಸಣೆ. ಓದು, ವಸತಿ ಸರ್ಕಾರದ್ದು. ಮುಗಿದ ಮೇಲೆ ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಲೆಫ್ಟಿನೆಂಟ್, ಮೂಲವೇತನ 56,100 ರೂಪಾಯಿಯಿಂದ. ಖರ್ಚು ಮತ್ತು ಗಳಿಕೆ ಎರಡನ್ನೂ ಇಟ್ಟು ನೋಡಿದರೆ ಇದಕ್ಕೆ ಸಮನಾದ ನರ್ಸಿಂಗ್ ಸೀಟು ಬೇರೊಂದಿಲ್ಲ. ಬದಲಿಗೆ ಸೇವೆ ಮಾಡುವುದಾಗಿ ಬಾಂಡ್ ಬರೆದುಕೊಡಬೇಕು. ವರ್ಗಾವಣೆ ಎಲ್ಲಿಗೂ ಆಗಬಹುದು. ಮುಂಬಯಿಯಲ್ಲೇ ಅಪ್ಪ ಅಮ್ಮನ ಹತ್ತಿರ ಇರಬೇಕು ಎನ್ನುವವಳಿಗೆ ಇದು ಹೊಂದುವುದಿಲ್ಲ. ನೀಟ್ ಬರೆದು ಎಂಬಿಬಿಎಸ್ ಸಿಗದೆ ಕುಗ್ಗಿ ಕುಳಿತ ಹುಡುಗಿಯರಿಗೆ ಈ ದಾರಿ ಯಾರೂ ತೋರಿಸುವುದಿಲ್ಲ. ದಯವಿಟ್ಟು ಅವರಿಗೆ ತಿಳಿಸಿ.

ವಿದೇಶದ ಆಸೆ ಇದ್ದರೆ

ವಿದೇಶವನ್ನೇ ನಂಬಿ ದೊಡ್ಡ ಸಾಲ ಮಾಡಬೇಡಿ. ಇಂಗ್ಲೆಂಡಿನಲ್ಲಿ ಹೊಸ ನರ್ಸ್‌ಗೆ ವರ್ಷಕ್ಕೆ ಸುಮಾರು 30,000 ಪೌಂಡ್ ಎನ್ನುವುದು ನಿಜ. ಆದರೆ ಹೊರದೇಶದವರನ್ನು ತೆಗೆದುಕೊಳ್ಳುವುದು ಈಚೆಗೆ ಅಲ್ಲಿ ಬಹಳ ಇಳಿದಿದೆ. ಅಮೆರಿಕಕ್ಕೆ ಅಲ್ಲಿಯ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾದರೂ ವೀಸಾಕ್ಕೆ ವರ್ಷಗಟ್ಟಲೆ ಕಾಯುವ ಸಾಲು. ಜರ್ಮನಿಗೆ ಜರ್ಮನ್ ಭಾಷೆಯಲ್ಲಿ ಬಿ1, ಬಿ2 ಮಟ್ಟ ಬೇಕು. ಅದನ್ನು ಕಾಳಾ ಘೋಡಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು. ಓದುತ್ತಿರುವಾಗಲೇ ಶುರು ಮಾಡಿದರೆ ಸಮಯ ಉಳಿಯುತ್ತದೆ.

ಗಲ್ಫಿಗೆ ಹೋಗುವವರು ಒಂದು ಅಂಕಿ ನೆನಪಿಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. 2015ರಿಂದ ಸೌದಿ, ಕುವೈತ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಎಮಿಗ್ರೇಷನ್ ಅನುಮತಿ ಕಡ್ಡಾಯ. ಲಕ್ಷಗಟ್ಟಲೆ ಕೇಳಿದ ಕೂಡಲೇ ಎದ್ದು ಬನ್ನಿ. ವಿದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗಾಗಿ ಮುಂಬಯಿಯಲ್ಲೇ ಇರುವ ಸರ್ಕಾರದ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಗೆ ದೂರು ಕೊಡಬಹುದು. ಇಂಗ್ಲೆಂಡಿನ ಕೆಲಸಕ್ಕಂತೂ ನರ್ಸ್ ಕೈಯಿಂದ ಏಜೆಂಟ್ ಫೀ ತೆಗೆದುಕೊಳ್ಳುವುದು ಅಲ್ಲಿಯ ನಿಯಮಕ್ಕೇ ವಿರುದ್ಧ.

ಯಾರ ಮನೆಗೆ ಯಾವುದು

ತಿಂಗಳ ಆದಾಯ ಇಪ್ಪತ್ತೈದು ಮೂವತ್ತು ಸಾವಿರದ ಮನೆ, ಜಾತಿ ಪ್ರಮಾಣಪತ್ರ ಇಲ್ಲ, ಸಾಲ ಬೇಡ ಎನ್ನುವವರು ಪಾಲಿಕೆ ಅಥವಾ ಸರ್ಕಾರಿ ಶಾಲೆಯ ಜಿಎನ್‌ಎಂಗೆ ಪ್ರಯತ್ನಿಸಿ. ಪತ್ರಗಳು ಸರಿಯಿದ್ದು ಮಗಳು ಸೈನ್ಸ್ ಓದಿದ್ದರೆ ಸಿಇಟಿ ಬರೆಸಿ, ಫೀ ಇಲ್ಲದ ಬಿಎಸ್ಸಿ ಹಿಡಿಯಿರಿ. ನೀಟ್ ಅಂಕ ಚೆನ್ನಾಗಿದ್ದು ಊರೂರು ತಿರುಗುವ ಧೈರ್ಯ ಇದ್ದರೆ ಮಿಲಿಟರಿ. ಕೈಯಲ್ಲಿ ಉಳಿತಾಯ ಇದ್ದು ಒಳ್ಳೆಯ ಆಸ್ಪತ್ರೆ ಇರುವ ಖಾಸಗಿ ಕಾಲೇಜು ಸಿಕ್ಕರೆ, ಸಾಲ 2.5 ಲಕ್ಷದ ಒಳಗಿದ್ದರೆ, ಮುಂಬಯಿಯೋ ಮಂಗಳೂರೋ ಎರಡೂ ಆದೀತು. ಸಾಲ ಅದಕ್ಕಿಂತ ಮೇಲೆ ಹೋಗುವುದಾದರೆ, ಒಂದು ವರ್ಷ ಕಾದು ಸಿಇಟಿಗೆ ಮತ್ತೆ ಕೂರಿಸುವುದು ಒಳ್ಳೆಯದು. ಒಂದು ವರ್ಷ ಹೋಯಿತು ಎಂದು ನೆಂಟರು ಹೇಳುತ್ತಾರೆ. ಏಳು ವರ್ಷದ ಕಂತನ್ನು ನೆಂಟರು ಕಟ್ಟುವುದಿಲ್ಲ.

ಮಗನನ್ನು ಸೇರಿಸುವವರಿಗೆ ಒಂದು ಎಚ್ಚರಿಕೆ. ಏಮ್ಸ್ ಭರ್ತಿಯಲ್ಲಿ ನೂರರಲ್ಲಿ 80 ಹುದ್ದೆ ಹೆಣ್ಣುಮಕ್ಕಳಿಗೆ, ಗಂಡಸರಿಗೆ 20. ಖಾಸಗಿಯಲ್ಲಿ ಐಸಿಯು, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಕಡೆ ಹುಡುಗರನ್ನು ಕೇಳಿ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಅವನ ಸಾಲದ ಲೆಕ್ಕವನ್ನು ಖಾಸಗಿ ಸಂಬಳದ ಮೇಲೆಯೇ ಹಾಕಿ.

ಮಾಟುಂಗಾ, ಕುರ್ಲಾ, ಸಾಂತಾಕ್ರೂಜ್, ಡೊಂಬಿವಲಿಯ ನಮ್ಮ ಸಂಘಗಳಲ್ಲಿ ವಿದ್ಯಾರ್ಥಿವೇತನ ಕೊಡುವವು ಹಲವಿವೆ. ಮೊತ್ತ ಚಿಕ್ಕದಿರಬಹುದು, ಆದರೆ ಯೂನಿಫಾರ್ಮ್, ಪುಸ್ತಕದ ಖರ್ಚು ಅದರಲ್ಲಿ ಆಗುತ್ತದೆ. ಜೂನ್ ಬಂದ ಕೂಡಲೇ ಸಂಘದ ಕಚೇರಿಗೆ ಹೋಗಿ ಅರ್ಜಿ ಕೇಳಿ. ಹನ್ನೆರಡನೆಯ ತರಗತಿಯ ಮಾರ್ಕ್ಸ್ ಕಾರ್ಡ್, ಆದಾಯದ ಪತ್ರ, ಕಾಲೇಜಿನ ಫೀ ರಸೀದಿ, ಇವುಗಳ ನಕಲು ಎರಡೆರಡು ಸೆಟ್ ಇಟ್ಟುಕೊಂಡಿರಿ.